ಡಿಸ್ಕಿನ ಮರುನಾಮಕರಣ

ಹೆಸರಿಡುವ ವಿಷಯದಲ್ಲಿ ನಾನು ಶುದ್ಧ ಸೋಮಾರಿ. ನಮ್ಮ ನಾಯಿಯನ್ನು ಇವತ್ತಿಗೂ ‘ಏ ನಾಯಿ’ ಎಂದೇ ಕರೆಯುತ್ತೇನೆ. ಪಾಪ, ಅದು ಬೇಸರಿಸದೆ ಬರುತ್ತದೆ. ಹೀಗಾಗಿ ನಮ್ಮ ಮನೆಯ ಕಂಪ್ಯೂಟರಿಗೂ, ಬಬಲೇಶ್ವರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ಹೆಂಡತಿಯ ತಮ್ಮ ಶಿವಾನಂದನ ಕಂಪ್ಯೂಟರಿಗೂ ನಾನೇ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿದಾಗ, ಡಿಸ್ಕಿನ ಜಾಗಕ್ಕೊಂದು ಹೆಸರು ಕೊಡು ಎಂದು ಅದು ಕೇಳಿದರೆ ಎರಡೂ ಕಡೆ ‘ಡೇಟಾ’ ಎಂದು ಹೊಡೆದು ಮುಂದಕ್ಕೆ ಹೋಗಿದ್ದೆ. ಬಲ್ಲವರು ಆ ಜಾಗವನ್ನು ವಾಲ್ಯೂಮ್ ಗ್ರೂಪ್ ಎನ್ನುತ್ತಾರೆ. ಒಂದು ಅಥಣಿ ರಸ್ತೆಯ ನಮ್ಮ ಮನೆಯಲ್ಲಿ, ಇನ್ನೊಂದು ಬಬಲೇಶ್ವರದಲ್ಲಿ. ಎರಡೂ ಎದುರುಬದುರಾಗುವ ಪ್ರಸಂಗ ಎಲ್ಲಿಂದ ಬರಬೇಕು?

ಬಂತು. ಶಿವಾನಂದನ ಕಂಪ್ಯೂಟರ್ ಸುಟ್ಟಿತು. ಭಾನುವಾರ ಬೆಳಿಗ್ಗೆ ಅದರ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ.

“ಮಾಮಾ, ನಿಡೋಣಿ ಊರಾಗಿನ ಮದುವಿ ಫೋಟೊ ಎಲ್ಲಾ ಇದರಾಗ ಅದಾವ್ರಿ. ಹುಡುಗಿ ಅವ್ವ ದಿನಾ ಅಂಗಡಿ ಮುಂದ ಬಂದು ಕುಂದರಾಕತ್ತಾಳ. ಹೆಂಗರ ಮಾಡಿ ತಗದು ಕೊಡ್ರಿ.”

ಚಾಲೂ ಇದ್ದ ನನ್ನ ಕಂಪ್ಯೂಟರಿಗೆ ಅವನ ಡಿಸ್ಕನ್ನು ಕೇಬಲಿನಿಂದ ಜೋಡಿಸಿದೆ. ಎರಡು ‘ಡೇಟಾ’ ಕಂಡು ಅದು ಹೊಸದನ್ನು ತೆರೆಯಲೊಲ್ಲೆ ಎಂದು ಹಟ ಹಿಡಿಯಿತು. ಇನ್ನು ಕಪ್ಪು ಪರದೆಯಲ್ಲಿ ಆಜ್ಞೆ ಬರೆದು ಒಂದರ ಹೆಸರು ಬದಲಿಸಬೇಕು. ಹೆಸರು ಒಂದೇ ಇರುವುದರಿಂದ ಉದ್ದನೆಯ ಗುರುತಿನ ಸಂಖ್ಯೆ ಕೊಟ್ಟೇ ಹೇಳಬೇಕು. ಎರಡು ಸಂಖ್ಯೆ ಬಂದವು. ಯಾವುದು ಯಾರದು?

“ಮ್ಯಾಲಿಂದು ನಂದ ಇರಬೇಕ್ರಿ.”

“ಹೆಂಗ ಗೊತ್ತಾತು?”

“ಸುಮ್ನ ಅನಸ್ತು.”

ನನಗೂ ಹಾಗೇ ಅನ್ನಿಸಿತು. ಮೇಲಿನದಕ್ಕೆ ‘ಸ್ಟುಡಿಯೊ’ ಎಂದು ಹೆಸರಿಟ್ಟೆ. ಜಗಳ ನಿಂತಿತು, ಫೋಟೊಗಳು ಸಿಕ್ಕವು, ಪೆನ್‌ಡ್ರೈವಿಗೆ ತುಂಬಿಕೊಟ್ಟೆ. ಅಲ್ಲಿಗೆ ಬಿಡಬಹುದಿತ್ತು. ಎಲ್ಲ ಸರಿಯಾಗಿ ಕೂರಲೆಂದು ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ.

ಪರದೆಯ ತುಂಬ ಶಿವಾನಂದನ ಸ್ಟುಡಿಯೊ ಬೋರ್ಡಿನ ಚಿತ್ರ! ನನ್ನ ಹೆಸರಿಲ್ಲ, ಕಡತಗಳಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಸುವರ್ಣಾ ಬಂದಳು. ಅವಳು ಶಾಲೆಯ ಶಿಕ್ಷಕಿ.

“ನಾ ಮಾಡಿಟ್ಟ ಪ್ರಶ್ನೆಪತ್ರಿಕಿ ಎಲ್ಲ್ಯದಾವ್ರಿ? ನಾಳೆ ಸಾಲ್ಯಾಗ ಕೊಡಬೇಕು.”

“ಇದರಾಗ ಅದಾವ.”

“ಇದು ನಮ್ಮ ತಮ್ಮನ ಕಂಪ್ಯೂಟರ್ ಅಲ್ಲೇನು?”

“ಅಲ್ಲ, ನಮ್ದ.”

“ಮತ್ತ ಅವನ ಹೆಸರ ಯಾಕ ಬರಾಕತ್ತೈತಿ?”

ಅದೇ ನನಗೂ ತಿಳಿಯದ ಸಂಗತಿ. ಊಟದ ಹೊತ್ತಿಗೆ ಹೊಳೆಯಿತು. ನಾನು ಹೆಸರು ಬದಲಿಸಿದ್ದು ನನ್ನ ಡಿಸ್ಕಿನದೇ! ಕಂಪ್ಯೂಟರ್ ಎದ್ದು ‘ಡೇಟಾ’ ಎಲ್ಲಿ ಎಂದು ಹುಡುಕಿದೆ. ಆ ಹೆಸರಿನದು ಅವನದೊಂದೇ ಕಂಡಿದೆ. ನೇರ ಅಲ್ಲಿಗೇ ಹೋಗಿದೆ. ಸರಿ, ಅವನದಕ್ಕೆ ‘ಬಬಲೇಶ್ವರ’ ಎಂದೆ, ನನ್ನದನ್ನು ಮತ್ತೆ ‘ಡೇಟಾ’ ಮಾಡಿದೆ. ಮತ್ತೊಮ್ಮೆ ಬಂದ್ ಮಾಡಿ ಚಾಲೂ ಮಾಡಿದಾಗ ಪ್ರಶ್ನೆಪತ್ರಿಕೆಗಳು ಬಂದವು. ಸುವರ್ಣಾ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಪ್ರಿಂಟ್ ತೆಗೆದುಕೊಂಡಳು.

ಮರುದಿನ ಶಿವಾನಂದ ಆ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಹಾಕಿಸಿ ಫೋನ್ ಮಾಡಿದ. “ಮಾಮಾ, ‘ಡೇಟಾ’ ಸಿಗವಲ್ದು ಅಂತೈತ್ರಿ.” ಸಿಗುವುದಾದರೂ ಹೇಗೆ? ಅದು ಈಗ ಬಬಲೇಶ್ವರ. ವಿವರಿಸಲು ಹೊರಟು ಯಾವುದು ಯಾವುದೆಂದು ನಾನೇ ಮರೆತೆ. ಕೊನೆಗೆ ಬಸ್ ಹತ್ತಿ ಹೋಗಿ ಹಳೆಯ ಹೆಸರು ಇಟ್ಟುಕೊಟ್ಟೆ.

ಅಂಗಡಿಯಲ್ಲಿ ಮದುಮಗಳ ಅವ್ವ ಫೋಟೊ ನೋಡುತ್ತ ಕುಳಿತಿದ್ದಳು. “ಇವ್ರ ನಮ್ಮ ಮಾಮಾ. ಭಾಳ ಶ್ಯಾಣ್ಯಾ ಅದಾರ,” ಎಂದ ಶಿವಾನಂದ. ಆಕೆ ತನ್ನ ಮೊಬೈಲ್ ಮುಂದೆ ಹಿಡಿದಳು.

“ಇದರಾಗ ನನ್ನ ಮಗಳ ಹೆಸರು ಎರಡ ಸಲ ಬರಾಕತ್ತೈತ್ರಿ. ಹಳೇ ನಂಬರ್ ಒಂದು ತಗದ ಬಿಡ್ರಿ.”

ಹಳೆಯದು ಯಾವುದೆಂದು ಕೇಳಬೇಕಿತ್ತು. ಕೇಳುವಷ್ಟರಲ್ಲಿ ನನ್ನ ಬೆರಳು ಮೇಲಿನದನ್ನು ಅಳಿಸಿಬಿಟ್ಟಿತ್ತು.