ಮಾಳಿಗೆ ಏರಿ ಕುಳಿತ ಕುಸ್‌ಕುಸ್ ಪಾತ್ರೆಯವರಿಗೆ

ಮಾನ್ಯರೇ,

ತಾಂಜಿಯರ್ ಪಟ್ಟಣದ ನಮ್ಮ ಓಣಿಯ ಅತಿ ಎತ್ತರದ ಮಾಳಿಗೆಯಲ್ಲಿ, ಬಟ್ಟೆ ಒಣಗಿಸುವ ಗಳುವಿನ ತುದಿಗೇರಿ, ಕಡಲಾಚೆಯ ಸ್ಪೇನ್ ದೇಶದ ಕಡೆಗೆ ಬಾಯಿ ತೆರೆದು ವಿರಾಜಮಾನರಾಗಿರುವ ತಮ್ಮ ತೂತುತೂತಾದ ಸನ್ನಿಧಿಗೆ, ಕೆಳಮನೆಯ ದರ್ಜಿ ಅಬ್ದೆಲ್ವಾಹಿದನ ಸಾವಿರ ಸಲಾಮುಗಳು. ತಾವು ಕ್ಷೇಮವೆಂದು ಟೀವಿಯ ಚಿತ್ರ ನೋಡಿದರೇ ತಿಳಿಯುತ್ತದೆ. ನಮ್ಮ ಕ್ಷೇಮದ ವಿಚಾರ ಬರೆಯಲು ಈ ಪತ್ರ.

ಒಂದಾನೊಂದು ಕಾಲದಲ್ಲಿ ತಾವು ಪ್ರತಿ ಶುಕ್ರವಾರ ಸಾರಿನ ಹಂಡೆಯ ಮೇಲೆ ಕುಳಿತು ಕುಸ್‌ಕುಸ್ ರವೆಗೆ ಆವಿ ಕೊಡುತ್ತಿದ್ದ ವಿನಯವಂತರಾಗಿದ್ದಿರಿ. ಪೇಟೆಯಿಂದ ತಂದ ಆಂಟೆನಾ ಹಾಡುಗಾರ್ತಿಯ ಅರ್ಧ ಮುಖವನ್ನಷ್ಟೇ ತೋರಿಸಿದಾಗ, ಪಕ್ಕದ ಮನೆಯ ಬುಶ್ತಾ, "ಅದನ್ನ ಬಿಸಾಕಯ್ಯಾ, ಹೆಂಡ್ತಿ ಕುಸ್‌ಕುಸ್ ಪಾತ್ರೆ ಕಟ್ಟು. ಅಷ್ಟೊಂದು ತೂತಿದೆ, ಒಂದ್ರಲ್ಲಾದ್ರೂ ಸ್ಪೇನ್ ಸಿಕ್ಕಿಕೊಳ್ಳುತ್ತೆ" ಎಂದ. ಸಿಕ್ಕಿಕೊಂಡಿತು. ಅಂದಿನಿಂದ ತಾವು ಕೆಳಗಿಳಿಯಲಿಲ್ಲ. ನನ್ನ ಹೆಂಡತಿ ರಹೀಮೊ ಕೆಲವು ವಾರ ನೆರೆಮನೆಯ ಪಾತ್ರೆ ಎರವಲು ತಂದಳು. ಆಮೇಲೆ ತಮ್ಮ ಕೀರ್ತಿ ಕೇಳಿ ಓಣಿಯ ಪಾತ್ರೆಗಳೆಲ್ಲ ಮಾಳಿಗೆ ಏರಿದವು. ಶುಕ್ರವಾರ ಇಡೀ ಓಣಿ ಬ್ರೆಡ್ಡು ತಿಂದು ಸ್ಪೇನ್ ನೋಡಿತು.

ಇಂಥ ಹೊತ್ತಿನಲ್ಲಿ ನಮ್ಮ ಮಗಳು ನಝೀಹಾಳನ್ನು ನೋಡಲು ಅಸೀಲಾ ಊರಿನಿಂದ ಗಂಡಿನ ಕಡೆಯವರು ಬರುವುದಾಯಿತು. ಹುಡುಗ ಅವಳ ಮನಸ್ಸಿಗೆ ಹಿಡಿಸಿದವನು. ಉಳಿದದ್ದು ಹಿರಿಯರ ಒಪ್ಪಿಗೆ. ಹುಡುಗನ ತಾಯಿ ಲಲ್ಲಾ ಬತೂಲ್, "ಮನೆತನ ಎಂಥದು ಅಂತ ಕುಸ್‌ಕುಸ್ ತಿಂದು ಹೇಳ್ತೀನಿ" ಎಂದು ಹೇಳಿಕಳಿಸಿದರು. ದೋಣಿ ಕಟ್ಟುವ ತಂದೆ ಹಾಜಿ ಅಯ್ಯಾದ್, "ಶುಕ್ರವಾರ ಫುಟ್‌ಬಾಲ್ ಪಂದ್ಯ ಇದೆ, ನಿಮ್ಮಲ್ಲಿ ಸ್ಪೇನ್ ಬರುತ್ತಂತಲ್ಲ, ಬಂದೆ" ಎಂದರು. ಒಬ್ಬರಿಗೆ ತಾವು ಒಲೆಯ ಮೇಲೆ ಬೇಕು, ಒಬ್ಬರಿಗೆ ಮಾಳಿಗೆಯ ಮೇಲೆ.

ರವೆ ಮೂರು ಸಲ ಆವಿ ಕಾಣಬೇಕೆಂಬುದು ತಮಗೆ ನಾನು ಹೇಳಬೇಕಿಲ್ಲ. ಆ ದಿನ ತಮ್ಮನ್ನು ಕೆಳಗಿಳಿಸಿಕೊಂಡು ಎರಡು ಆವಿ ಅತಿಥಿಗಳು ಬರುವ ಮೊದಲೇ ಮುಗಿಸಿದೆವು. ಪಂದ್ಯ ಶುರುವಾಗುವಾಗ ತಾವು ಗಳುವಿನ ಮೇಲೆ. ಮಧ್ಯದ ಬಿಡುವಿನ ಹದಿನೈದು ನಿಮಿಷದಲ್ಲಿ ತಮ್ಮನ್ನು ಎದೆಗವಚಿಕೊಂಡು ಐವತ್ತೆರಡು ಮೆಟ್ಟಿಲು ಇಳಿದೆ. ಮೂರನೆಯ ಆವಿ ಆದೊಡನೆ ಕೈ ಸುಟ್ಟುಕೊಂಡು ಅಷ್ಟನ್ನೂ ಹತ್ತಿದೆ. ರಹೀಮೊ ಹಿಂದಿನಿಂದ, "ರೀ, ಒಂದ್ಸಲ ತೊಳೆದಾದ್ರೂ ಕೊಡ್ತೀನಿ!" ಎಂದು ಕೂಗಿದ್ದನ್ನು ನಾನು ಕೇಳಬೇಕಿತ್ತು.

ತಮ್ಮ ತೂತುಗಳಲ್ಲಿ ಉಳಿದ ಬೆಣ್ಣೆರವೆಗೆ ಬಂದರಿನ ಕಡಲಹಕ್ಕಿಗಳೆಲ್ಲ ಬಂದೆರಗಿದವು. ಕೆಳಗೆ ಚಿತ್ರ ಕಲಕಿ ಟೀವಿಯ ತುಂಬ ರವೆ ಉದುರತೊಡಗಿತು. ಹಾಜಿ ಅಯ್ಯಾದ್ ಚಪ್ಪಲಿ ಕೈಗೆತ್ತಿಕೊಂಡು ಖುದ್ದು ಮಾಳಿಗೆಗೆ ಓಡಿದರು. ಅವರು ಹಕ್ಕಿ ಓಡಿಸುತ್ತಿದ್ದಾಗಲೇ ಚಿತ್ರ ತಿಳಿಯಾಯಿತು, ಚೆಂಡು ಬಲೆಗೆ ಬಿತ್ತು, ಅಷ್ಟುಹೊತ್ತು ತಲೆ ತಗ್ಗಿಸಿ ಕುಳಿತಿದ್ದ ನನ್ನ ಮಗಳು ಅಂಗಳಕ್ಕೆ ಹಾರಿ, "ಮಾವಾ, ಗೋಲು!" ಎಂದು ಕಿರುಚಿದಳು.

ಇನ್ನೂ ಮಾತೇ ಆಗಿಲ್ಲ, ಆಗಲೇ ಮಾವ! ರಹೀಮೊ ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಮೇಲಿನಿಂದ ಉತ್ತರ ಬಂತು: "ಸಂಬಂಧ ಒಪ್ಪಿಗೆ ಕಣಮ್ಮಾ, ಯಾರ ಗೋಲು ಅದನ್ನ ಹೇಳು!"

ಇಲ್ಲಿಗೆ ಮುಗಿದಿದ್ದರೆ ತಮ್ಮನ್ನು ಹೊಗಳಿ ಸುಮ್ಮನಾಗುತ್ತಿದ್ದೆ. ಆದರೆ ಲಲ್ಲಾ ಬತೂಲ್ ಮೂರನೆಯ ಸಲ ಬಡಿಸಿಕೊಳ್ಳುತ್ತಾ, "ನಮಗೆ ಬೇರೇನೂ ಬೇಡ, ಹುಡುಗಿ ಜೊತೆ ಆ ಪಾತ್ರೆ ಬರ್ಲಿ ಸಾಕು" ಎಂದರು. ಮುಂದಿನ ವಾರ ಮದುವೆ. ಗೋಲು ಬಿದ್ದರೆ ಕೂಗಲು ಈ ಮನೆಯಲ್ಲಿ ಯಾರೂ ಇರುವುದಿಲ್ಲ. ಗಳುವೂ ಬರಿದು, ಅಂಗಳವೂ ಬರಿದು. ನಾನು ಮಾಳಿಗೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡ ಬುಶ್ತಾ, "ಒಂದು ಪಾತ್ರೆಗೆ ಇಷ್ಟೊಂದು ಅಳ್ತಾರೇನಯ್ಯಾ?" ಎಂದು ಛೇಡಿಸುತ್ತಾನೆ. ಹೌದೆಂದು ತಲೆಯಾಡಿಸುತ್ತೇನೆ.

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ಅಸೀಲಾದ ಮಾಳಿಗೆ ಏರಿದ ಮೇಲೆ ವಾರಕ್ಕೊಂದು ದಿನವಾದರೂ ಸ್ಪೇನಿಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಬೇಕು. ಅವಳು ಉಂಡಳೇ, ನಕ್ಕಳೇ ಎಂಬುದನ್ನು ನಮ್ಮ ಟೀವಿಗೆ ಕಳಿಸಬೇಕು. ಅರ್ಧ ಮುಖ ಬಂದರೂ ಸಾಕು.

ತಮ್ಮ ವಿಶ್ವಾಸಿ,
ಅಬ್ದೆಲ್ವಾಹಿದ್ ತೆಮ್ಸಮಾನಿ, ದರ್ಜಿ

ಮರೆತ ಮಾತು: ಅಳಿಯ ಒಳ್ಳೆಯವನೇ. ಆದರೂ ಎಂದಾದರೂ ನನ್ನ ಮಗಳ ಮೇಲೆ ದನಿ ಏರಿಸಿದನೋ, ಅಂದಿನ ಪಂದ್ಯದ ಕೊನೆಯ ಐದು ನಿಮಿಷ ಅವನ ಟೀವಿಯ ತುಂಬ ರವೆ ಉದುರಿಸುವ ಕೃಪೆ ಮಾಡಬೇಕು. ಹಕ್ಕಿಗಳಿಗೆ ನಾನು ಹೇಳಿಟ್ಟಿದ್ದೇನೆ.