ಬೆಚ್ಚಗಿನ ನೀರು ಎಂದರೆ ಎಷ್ಟು?

‘ಹಿಡಿ’ ಎಂಬ ಅಳತೆಯನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ತಕ್ಕಡಿ ಸಾಹೇಬರು ಅವನಿಗೆ ದಂಡ ಹಾಕದೆ ಬಿಡುತ್ತಿರಲಿಲ್ಲ. ‘ಚಿಟಿಕೆ’ ಕಂಡುಹಿಡಿದವನಿಗಂತೂ ಜೈಲೇ ಗತಿ. ‘ರುಚಿಗೆ ತಕ್ಕಷ್ಟು’ ಎಂದವನನ್ನು ಏನು ಮಾಡಬೇಕೆಂದು ಕಾನೂನಿನ ಪುಸ್ತಕದಲ್ಲಿ ಇನ್ನೂ ಬರೆದಿಲ್ಲ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಸರಿಯಾಗಿದೆಯೇ, ತೂಕದ ಬಟ್ಟು ಸವೆದಿದೆಯೇ ಎಂದು ಪರೀಕ್ಷೆ ಮಾಡುವುದು ಅವರ ಕೆಲಸ. ಅವರು ಬೀದಿಯ ತುದಿಯಲ್ಲಿ ಕಂಡರೆ ಸಾಕು, ತರಕಾರಿಯವನು ಗಿರಾಕಿಯ ತಕ್ಕಡಿಗೆ ಇನ್ನೆರಡು ಆಲೂಗಡ್ಡೆ ಹಾಕಿಬಿಡುತ್ತಿದ್ದ. (ಹೆಚ್ಚು ಕೊಡುವುದೂ ತಪ್ಪೇ ಎಂದು ಸಾಹೇಬರು ಅವನ್ನು ತೆಗೆಸುತ್ತಿದ್ದರು. ಗಿರಾಕಿಗಳಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ.) ತಕ್ಕಡಿ ಸಾಹೇಬರು ಎಂಬ ಬಿರುದು ಬಂದದ್ದು ಹೀಗೆ.

ಇಂಥ ಸಾಹೇಬರಿಗೆ ಸಿಕ್ಕ ಹೆಂಡತಿಯಾದರೋ ಕಣ್ಣಳತೆಯ ಸಾಮ್ರಾಜ್ಞಿ. ಆಸ್ಪತ್ರೆಯಲ್ಲಿ ನರ್ಸು, ಬೀದಿಗೆಲ್ಲ ನರ್ಸಮ್ಮ. ಅಲ್ಲಿ ಔಷಧಿಯನ್ನು ಹನಿ ಎಣಿಸಿ ಕೊಡುವ ಆಕೆ ಮನೆಗೆ ಬಂದು ಸೆರಗು ಸಿಕ್ಕಿಸಿದಳೆಂದರೆ ಮುಗಿಯಿತು, ಉಪ್ಪನ್ನು ದೂರದಿಂದಲೇ ಎಸೆಯುತ್ತಿದ್ದಳು. ಆದರೂ ಅಡಿಗೆ ಒಂದು ದಿನವೂ ಕೆಟ್ಟದ್ದಿಲ್ಲ. ಸಾಹೇಬರಿಗೆ ನುಂಗಲಾರದ ತುತ್ತಾಗಿದ್ದದ್ದು ಇದೊಂದೇ. ಊಟವನ್ನೇನೋ ಎರಡೆರಡು ಸಲ ಬಡಿಸಿಕೊಂಡು ನುಂಗುತ್ತಿದ್ದರು.

ಹೀಗಿರುವಾಗ ಮಗಳ ಶಾಲೆಯಲ್ಲಿ ‘ಮನೆಯಲ್ಲೇ ಮಾಡಿದ್ದು’ ಎಂಬ ಪ್ರದರ್ಶನ ಏರ್ಪಾಡಾಯಿತು. ಸುಲಭವಾದ ಒಂದು ತಿಂಡಿಯನ್ನೋ ಕೈಕೆಲಸದ ವಸ್ತುವನ್ನೋ ಮನೆಯಲ್ಲಿ ಮಾಡಿ ತರಬೇಕು. ಪ್ರತಿ ವರ್ಷ ಅಮ್ಮಂದಿರೇ ಮಾಡಿ, ಅಮ್ಮಂದಿರೇ ಹೊತ್ತು ತಂದು, ಅಮ್ಮಂದಿರೇ ಚಪ್ಪಾಳೆ ತಟ್ಟುವುದನ್ನು ನೋಡಿ ಬೇಸತ್ತಿದ್ದ ಹೆಡ್‌ಮಿಸ್ಸು ಈ ಸಲ ಅಪ್ಪಂದಿರೇ ಮಾಡತಕ್ಕದ್ದು ಎಂದು ಆಜ್ಞೆ ಹೊರಡಿಸಿದ್ದರು.

ಸಾಹೇಬರು ಇದನ್ನು ಕೇಳಿಸಿಕೊಂಡದ್ದು ಬಾಗಿಲ ಹಿಂದೆ ನಿಂತು ಷೂ ಬಿಚ್ಚುತ್ತಿದ್ದಾಗ. ಮೆಟ್ಟಿಲ ಮೇಲೆ ಮಗಳು ತನ್ನ ಗೆಳತಿಯೊಂದಿಗೆ ಕೂತಿದ್ದಳು.

“ನಮ್ಮಪ್ಪ ಹಳೇ ಪೇಪರಲ್ಲಿ ಲ್ಯಾಂಪ್ ಮಾಡ್ತಾರಂತೆ. ನಿಮ್ಮಪ್ಪ ಏನ್ ಮಾಡ್ತಾರೆ?” ಎಂದಳು ಗೆಳತಿ.

“ನಮ್ಮಪ್ಪಂಗೆ ಏನೂ ಮಾಡೋಕೆ ಬರಲ್ಲ ಕಣೇ,” ಎಂದಳು ಮಗಳು. “ಬೇರೆಯವರು ಮಾಡಿದ್ದು ಸರಿಯಾಗಿದ್ಯಾ ಇಲ್ವಾ ಅಂತ ನೋಡೋಕೆ ಮಾತ್ರ ಬರುತ್ತೆ.”

ದೂರುವ ದನಿಯಲ್ಲಿ ಹೇಳಿದ್ದರೆ ಸಾಹೇಬರು ಗದರಿಸಿ ಸುಮ್ಮನಾಗುತ್ತಿದ್ದರು. ಆದರೆ ಆ ಹುಡುಗಿ ಇಂಥ ಬಸ್ಸು ಇಂಥ ಕಡೆಗೆ ಹೋಗುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಸಾಹೇಬರು ಒಂದು ಷೂ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ‘ಇದು ನಮ್ಮಪ್ಪ ಮಾಡಿದ್ದು’ ಎಂದು ಆಕೆ ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಹೇಳುವಂತಾಗಬೇಕು. ಅದಿಲ್ಲದೆ ಇಷ್ಟು ವರ್ಷ ಊರಿನ ತಕ್ಕಡಿಗಳನ್ನೆಲ್ಲ ಸರಿಮಾಡಿ ಏನು ಬಂತು ಎಂದು ಅವರಿಗೆ ಅನ್ನಿಸಿತು.

“ಬ್ರೆಡ್ ಮಾಡ್ತೀನಿ,” ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು.

ನರ್ಸಮ್ಮ ತಿರುಗಿ ನೋಡಿದಳು. “ಯಾರು?”

“ನಾನೇ. ಹೇಗೆ ಮಾಡೋದು ಹೇಳು.”

“ಅದೇನ್ ಮಹಾ! ನಾಲ್ಕು ಹಿಡಿ ಹಿಟ್ಟು, ರುಚಿಗೆ ತಕ್ಕಷ್ಟು ಉಪ್ಪು, ಬೆಚ್ಚಗಿನ ನೀರಲ್ಲಿ ಒಂಚೂರು ಯೀಸ್ಟ್ ಕಲೆಸಿ ಹದವಾಗಿ ನಾದಿ, ಉಬ್ಬಿದ ಮೇಲೆ ಓವನ್‌ಗೆ ಇಡಿ. ಅಷ್ಟೇರಿ.”

ಒಂದೇ ಉಸಿರಿನಲ್ಲಿ ಐದು ಅಪರಾಧ! ಸಾಹೇಬರು ಕಣ್ಣು ಮುಚ್ಚಿಕೊಂಡು ಸಾವರಿಸಿಕೊಂಡರು. ಆಮೇಲೆ ಆಫೀಸಿನ ಚೀಲದಿಂದ ಪರೀಕ್ಷೆಯ ತಕ್ಕಡಿಯನ್ನು ತೆಗೆದು ಮೇಜಿನ ಮೇಲೆ ಸ್ಥಾಪಿಸಿ, ಹೆಂಡತಿಯಿಂದ ಹಿಟ್ಟನ್ನು ಹಿಡಿ ಹಿಡಿಯಾಗಿ ಹಾಕಿಸಿದರು. ಒಂದು ಹಿಡಿಯಂತೆ ಇನ್ನೊಂದಿರಲಿಲ್ಲ. ಕೊನೆಯದಂತೂ ಮೊದಲಿನದರ ಹತ್ತಿರ ಹತ್ತಿರ ಎರಡರಷ್ಟು ತೂಗಿತು.

“ಇದೇನಿದು? ಅದೇ ಕೈ, ಅದೇ ಹಿಟ್ಟು!”

“ಮೊದಲನೇ ಹಿಡಿ ತಗೊಂಡಾಗ ನಿಮ್ಮೇಲೆ ಸಿಟ್ಟಿರಲಿಲ್ಲ,” ಎಂದಳು ನರ್ಸಮ್ಮ.

ಉಪ್ಪಿನ ವಿಚಾರಣೆ ಇದಕ್ಕಿಂತ ದೀರ್ಘವಾಗಿ ನಡೆಯಿತು. ರುಚಿಗೆ ತಕ್ಕಷ್ಟು ಎಂದರೆ ಯಾರ ರುಚಿಗೆ? ಸಾಹೇಬರು ಲೋಟಗಳಲ್ಲಿ ಬೇರೆ ಬೇರೆ ಪ್ರಮಾಣದ ಉಪ್ಪುನೀರು ಕದಡಿ, ಹೆಂಡತಿಗೂ ಮಗಳಿಗೂ ನೆಕ್ಕಿಸಿ, ತಾವೂ ನೆಕ್ಕಿ ಸರಾಸರಿ ತೆಗೆದರು. ಮಗಳು ಒಂದು ತಂಬಿಗೆ ನೀರು ಕುಡಿದು ಓಡಿಹೋದಳು. ಅಷ್ಟರಲ್ಲಿ ನರ್ಸಮ್ಮನ ಡ್ಯೂಟಿಯ ಹೊತ್ತಾಯಿತು.

“ಒಂದು ನಿಮಿಷ! ಬೆಚ್ಚಗಿನ ನೀರು ಅಂದ್ರೆ ಎಷ್ಟು ಬೆಚ್ಚಗೆ?”

“ಬೆರಳು ಅದ್ದಿದ್ರೆ ಹಾಯ್ ಅನ್ನಿಸ್ಬೇಕು, ಅಯ್ಯೋ ಅನ್ನಿಸಬಾರ್ದು.”

“ಯಾರ ಬೆರಳು?”

ಚಪ್ಪಲಿಯ ಸದ್ದು ಆಗಲೇ ಬೀದಿ ಸೇರಿತ್ತು.

ಸಾಹೇಬರು ಕುರ್ಚಿಯಲ್ಲಿ ಕೂತು ಶಾಸ್ತ್ರೋಕ್ತವಾಗಿ ಆಲೋಚಿಸಿದರು. ಬೆಚ್ಚಗೆ ಎನ್ನುವುದು ಒಂದು ಅಭಿಪ್ರಾಯ. ಒಬ್ಬರಿಗೆ ಬೆಚ್ಚಗಿರುವುದು ಇನ್ನೊಬ್ಬರಿಗೆ ಬಿಸಿ. ನೀರಿನ ವಿಷಯದಲ್ಲಿ ಜಗತ್ತೆಲ್ಲ ತಕರಾರಿಲ್ಲದೆ ಒಪ್ಪಿರುವ ಸ್ಥಿತಿಗಳು ಎರಡೇ: ಒಂದು ಹೆಪ್ಪುಗಟ್ಟುವುದು, ಇನ್ನೊಂದು ಕುದಿಯುವುದು. ಹೆಪ್ಪುಗಟ್ಟಿದ್ದನ್ನು ಯಾವ ಕೋರ್ಟಿನಲ್ಲೂ ಬೆಚ್ಚಗೆ ಎಂದು ಸಾಧಿಸಲಾಗದು. ಆದ್ದರಿಂದ ಉಳಿದದ್ದೇ ಸರಿ. ಹೀಗೆ ತೀರ್ಮಾನವಾಗಿ, ಕೊತಕೊತ ಕುದಿಯುವ ನೀರನ್ನು ಯೀಸ್ಟಿನ ಮೇಲೆ ಸುರಿದು, ಹಿಟ್ಟು ನಾದಿ, ಒದ್ದೆ ಬಟ್ಟೆ ಹೊದಿಸಿ ಕಾಯುತ್ತ ಕೂತರು.

ಹಿಟ್ಟು ಉಬ್ಬಲಿಲ್ಲ. ಸಾಹೇಬರು ಬಟ್ಟೆ ಎತ್ತಿ ನೋಡಿದರು, ಮುಚ್ಚಿದರು. ಕಣ್ಣಿಟ್ಟರೆ ಸಂಕೋಚಪಡಬಹುದೆಂದು ಪಕ್ಕದ ಕೋಣೆಗೆ ಹೋಗಿ ಕೆಮ್ಮಿ ವಾಪಸು ಬಂದರು. ಏನೂ ಆಗಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದ ನರ್ಸಮ್ಮ ಯೂನಿಫಾರಂನಲ್ಲೇ ಬಂದು ಹಿಟ್ಟಿಗೆ ಬೆರಳು ಒತ್ತಿ ನೋಡಿದಳು.

“ಹೋಗಿದೆ,” ಎಂದಳು.

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಪ್ರಾಣ ಹೋಗಿದೆ ರೀ. ಯೀಸ್ಟ್ ಅಂದ್ರೆ ಜೀವ ಇರೋ ವಸ್ತು. ಕುದಿಯೋ ನೀರು ಹುಯ್ದು ಕೊಂದಿದೀರ.”

ಪ್ರದರ್ಶನ ಮಾರನೆಯ ದಿನವೇ ಇತ್ತು, ಮನೆಯಲ್ಲಿ ಬೇರೆ ಹಿಟ್ಟಿರಲಿಲ್ಲ. ಓವನ್ನಿನ ಶಾಖಕ್ಕಾದರೂ ಚೇತರಿಸಿಕೊಂಡೀತು ಎಂಬ ಆಸೆಯಿಂದ ಸಾಹೇಬರು ಹಿಟ್ಟನ್ನು ಗುಂಡಗೆ ಮಾಡಿ, ಮೇಲೆ ಚಾಕುವಿನಿಂದ ಚೌಕಳಿ ಗೀಟು ಎಳೆದು ಒಳಗಿಟ್ಟರು. ಬೆಂದು ಹೊರಗೆ ಬಂದ ಪದಾರ್ಥ ಅವರ ಕೈಜಾರಿ ನೆಲಕ್ಕೆ ಬಿತ್ತು. ಬ್ರೆಡ್ಡಿಗೆ ಏನೂ ಆಗಲಿಲ್ಲ, ನೆಲದ ಟೈಲಿನ ಮೂಲೆ ಹಾರಿತು. ಚಾಕು ಮೊಂಡಾಯಿತು. ಸುತ್ತಿಗೆಯ ವಿಷಯ ಎತ್ತಿದ ನರ್ಸಮ್ಮ ಗಂಡನ ಮುಖ ನೋಡಿ ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

ಏಕೆಂದರೆ ಸಾಹೇಬರ ಮುಖ ಇಷ್ಟೇ ಇಷ್ಟಾಗಿತ್ತು. “ನಾಳೆ ಬೇಕರಿಯಿಂದ ಏನಾದ್ರೂ ತಂದುಕೊಡ್ತೀನಿ ಪುಟ್ಟಿ,” ಎಂದರು ಮಗಳಿಗೆ. ಕಳ್ಳತೂಕದವರ ಹಾಗೆ ತಾವು ತಲೆ ತಗ್ಗಿಸಿ ನಿಂತದ್ದಕ್ಕೆ ಅವರಿಗೇ ನಾಚಿಕೆಯಾಯಿತು.

ಮಗಳು ಆ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು, ಬೆರಳಿನಿಂದ ಬಡಿದಳು. ಅಂಗೈಯಲ್ಲಿ ಚೌಕಳಿ ಗೀಟುಗಳನ್ನು ಸವರಿದಳು. “ಅಪ್ಪಾ, ಇದು ನಂಗೆ ಬೇಕು,” ಎಂದು ಬಣ್ಣದ ಡಬ್ಬಿ ಇರುವ ಮೂಲೆಗೆ ಹೊತ್ತುಕೊಂಡು ಹೋದಳು.

ಮರುದಿನ ಶಾಲೆಯ ಹಾಲ್‌ನಲ್ಲಿ, ತಿಂಡಿಯ ಮೇಜಿನ ಮೇಲಲ್ಲ, ಕೈಕೆಲಸದ ಮೇಜಿನ ಮೇಲೆ ಒಂದು ಹಸಿರು ಆಮೆ ಕೂತಿತ್ತು. ಬೆನ್ನಿನ ಮೇಲೆ ಚೌಕಳಿ ಚಿಪ್ಪು, ರಟ್ಟಿನ ಕತ್ತು, ರಟ್ಟಿನ ಕಾಲು, ಗುಂಡಿಯ ಕಣ್ಣು. ‘ಬಾಗಿಲು ಹಿಡಿಯುವ ಆಮೆ’ ಎಂಬ ಚೀಟಿ ಮುಂದಿತ್ತು. ಹೆಡ್‌ಮಿಸ್ಸು ಅದನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು.

“ಅಬ್ಬಾ! ಯಾವುದರಲ್ಲಿ ಮಾಡಿರೋದು ಇದನ್ನ?”

“ಹಿಟ್ಟು, ಉಪ್ಪು, ನೀರು ಮಿಸ್,” ಎಂದಳು ಮಗಳು. ಆಮೇಲೆ ಹಾಲ್‌ನ ಆ ಕೊನೆಗೂ ಕೇಳುವಂತೆ, “ನಮ್ಮಪ್ಪ ಮಾಡಿದ್ದು!” ಎಂದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿಕೊಂಡರು. ಇಷ್ಟಕ್ಕೇ ಕೈಮುಗಿದು ಮನೆಗೆ ಹೋಗಿದ್ದರೆ ಈ ಕಥೆ ಸುಖವಾಗಿ ಮುಗಿಯುತ್ತಿತ್ತು.

ಆದರೆ ಹೆಡ್‌ಮಿಸ್ಸು ಆಮೆಯನ್ನು ಒಯ್ದು ಹಾಲ್‌ನ ಬಾಗಿಲಿಗೆ ಒತ್ತಿ ಇಟ್ಟರು. ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಆ ಶಾಲೆಯ ಬಾಗಿಲುಗಳೆಲ್ಲ ಇಡೀ ದಿನ ಧಡಾರ್ ಧಡಾರ್ ಎಂದು ಬಡಿದುಕೊಳ್ಳುತ್ತಿದ್ದವು. ಈಗ ಬಾಗಿಲು ಮಿಸುಕಲಿಲ್ಲ. “ಸರ್, ಪ್ರತಿ ಕ್ಲಾಸಿಗೂ ಇಂಥದ್ದೊಂದು ಮಾಡಿಕೊಡೋಕಾಗುತ್ತಾ? ಅದೇ ಗಟ್ಟಿ ಬರುತ್ತಾ?”

“ಬರುತ್ತಾ ಅಂದ್ರೇನು ಮೇಡಂ?” ಸಾಹೇಬರ ಎದೆ ಅರ್ಧ ಅಂಗುಲ ಮುಂದೆ ಬಂತು. “ಕಣ್ಣಳತೆಯ ಕೆಲಸ ಅಲ್ಲ ಇದು. ಪ್ರತಿಯೊಂದಕ್ಕೂ ತೂಕ ಇದೆ, ಲೆಕ್ಕ ಇದೆ. ಸಾವಿರ ಮಾಡಿದ್ರೂ ಒಂದೇ ಥರ ಬರುತ್ತೆ. ಸೋಮವಾರ ತಂದಿಡ್ತೀನಿ.”

ಭಾನುವಾರ ನರ್ಸಮ್ಮ ಡ್ಯೂಟಿಗೆ ಹೋದ ಮೇಲೆ ಅಡಿಗೆಮನೆ ಕಾರ್ಖಾನೆಯಾಯಿತು. ಮಗಳು ರಟ್ಟಿನಲ್ಲಿ ಕತ್ತು ಕಾಲುಗಳನ್ನು ಕತ್ತರಿಸುತ್ತ ಕೂತಳು. ಸಾಹೇಬರು ಹಿಟ್ಟು ತೂಗಿದರು, ಸರಾಸರಿ ಉಪ್ಪು ತೂಗಿದರು. ಯೀಸ್ಟನ್ನೂ ಬಿಡಲಿಲ್ಲ. (“ಹೇಗೂ ಸಾಯಿಸ್ತೀಯಲ್ಲಪ್ಪ, ಅದ್ಯಾಕೆ?” ಎಂದಳು ಮಗಳು. “ಮೊದಲಿನ ಮಾದರಿಯಲ್ಲಿ ಏನಿತ್ತೋ ಅದೆಲ್ಲ ಇರ್ಬೇಕು,” ಎಂದರು ಸಾಹೇಬರು.) ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಕೆಳಗಿಳಿಸಿದರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಂದವನು ಗಲ್ಲಿಯ ಮೀನಿನಂಗಡಿಯವನು. ಅವನ ತಕ್ಕಡಿ ಒಂಚೂರು ವಾಲುತ್ತದೆಂದು ಸಾಹೇಬರು ಅದನ್ನು ಹಿಂದಿನ ವಾರ ವಶಪಡಿಸಿಕೊಂಡಿದ್ದರು. “ಒಂಚೂರು ತಾನೇ ಸ್ವಾಮಿ,” ಎಂದ ಅವನು. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಸಾಹೇಬರು ಹೊಸ್ತಿಲ ಮೇಲೆ ನಿಂತು ನಿಖರತೆಯ ಮಹತ್ವ ಕುರಿತು ಉಪನ್ಯಾಸ ಆರಂಭಿಸಿದರು. ಒಂಚೂರು ಎಂಬುದರಿಂದ ರಾಜ್ಯಗಳು ಹೇಗೆ ಬಿದ್ದುಹೋಗುತ್ತವೆ ಎಂಬಲ್ಲಿಗೆ ಬರುವ ಹೊತ್ತಿಗೆ ಪಾಪದ ಮೀನಿನವನು ಕಾಲು ಬದಲಿಸಿ ಬದಲಿಸಿ ಸುಸ್ತಾಗಿದ್ದ. ಒಳಗೆ ಪಾತ್ರೆಯ ನೀರು ತನ್ನ ಪಾಡಿಗೆ ತಾನು ಆರುತ್ತಿತ್ತು.

ಸಾಹೇಬರು ವಾಪಸು ಬಂದಾಗ ಮಗಳು ನೀರಿಗೆ ಬೆರಳು ಅದ್ದಿ, “ಹಾಯಾಗಿದೆ ಅಪ್ಪಾ,” ಎಂದಳು.

“ಅದು ಕುದಿಸಿದ ನೀರು,” ಎಂದರು ಸಾಹೇಬರು. ಒಮ್ಮೆ ಕುದಿಸಿದ ಮೇಲೆ ಅದು ಕುದಿಸಿದ ನೀರೇ. ಮುದ್ರೆ ಹಾಕಿದ ಬಟ್ಟು ಮುದ್ರೆ ಹಾಕಿದ್ದೇ ಅಲ್ಲವೇ? ಎಲ್ಲವನ್ನೂ ಕಲೆಸಿ, ನಾದಿ, ಬಟ್ಟೆ ಹೊದಿಸಿ ಕೈತೊಳೆದುಕೊಂಡರು.

ಅವರು ಪೇಪರಿನ ಒಂದು ಪುಟ ಮುಗಿಸುವಷ್ಟರಲ್ಲಿ ಬಟ್ಟೆ ತಾನಾಗಿ ಮೇಲೇಳತೊಡಗಿತು. ಸಾಹೇಬರು ಅಂಗೈಯಿಂದ ಒತ್ತಿ ಕೂರಿಸಿದರು. ಅದು ಪುಸ್ ಎಂದು ಕೂತು, ಅವರು ಬೆನ್ನು ತಿರುಗಿಸಿದೊಡನೆ ಮತ್ತೆ ಎದ್ದಿತು. ಗದರಿಸಿದರು, ಗುದ್ದಿದರು, ಮುಚ್ಚಳ ಹಾಕಿ ಮೇಲೆ ಇಲಾಖೆಯ ಅತಿ ದೊಡ್ಡ ಬಟ್ಟನ್ನೇ ಹೇರಿದರು. ಬಟ್ಟು ವಾಲಿತು. ಮಗಳು ನೆಲದ ಮೇಲೆ ಬಿದ್ದು ಉರುಳಾಡಿ ನಗುತ್ತಿದ್ದಳು. ಕೊನೆಗೆ ವಿಧಿಯಿಲ್ಲದೆ ಅದನ್ನೇ ಗುಂಡಗುಂಡಗೆ ಮಾಡಿ, ಚೌಕಳಿ ಗೀಟು ಎಳೆದು ಓವನ್‌ಗೆ ಇಟ್ಟರು. ರಾತ್ರಿಯೂಟದ ಹೊತ್ತಿಗೆ ಮನೆ ತುಂಬ ಎಂಥ ಘಮಘಮ ಹರಡಿತೆಂದರೆ, ಡ್ಯೂಟಿಯಿಂದ ಬಂದ ನರ್ಸಮ್ಮ ಇದು ತನ್ನ ಮನೆಯೇ ಎಂದು ಹೊಸ್ತಿಲಲ್ಲೇ ಒಂದು ಗಳಿಗೆ ನಿಂತುಬಿಟ್ಟಳು.

ಒಂದು ತುಂಡು ಮುರಿದು ಬಾಯಿಗಿಟ್ಟಳು. “ರೀ, ನನಗೂ ಹೀಗೆ ಬರಲ್ಲ ಕಣ್ರಿ,” ಎಂದಳು. ಮದುವೆಯಾದಾಗಿನಿಂದ ಸಾಹೇಬರು ಕೇಳಲು ಹಂಬಲಿಸಿದ ಮಾತು ಅದು. ಆದರೆ ಅವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. “ನಾಳೆ ಬಾಗಿಲಿಗೆ ಏನು ಇಡ್ಲಿ?”

ಸೋಮವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ, ಬಣ್ಣ ಬಳಿಯಲೂ ಹೊತ್ತಿಲ್ಲದೆ, ರಟ್ಟಿನ ಕತ್ತು ಕಾಲು ಸಿಕ್ಕಿಸಿ ಆಮೆಗಳನ್ನು ಬುಟ್ಟಿಯಲ್ಲಿ ಹೊತ್ತು ಹೋದರು. ಹೆಡ್‌ಮಿಸ್ಸು ಒಂದನ್ನು ತರಗತಿಯ ಬಾಗಿಲಿಗೆ ಇಟ್ಟರು. ಗಾಳಿ ಬೀಸಿತು, ಬಾಗಿಲು ಬಂತು, ಆಮೆ ಚಪ್ಪಟೆಯಾಯಿತು. ಬಾಗಿಲು ಹಿಂದೆ ಸರಿದೊಡನೆ ಮೈಮುರಿದುಕೊಂಡು ಮತ್ತೆ ಗುಂಡಗಾಯಿತು. ಮುಂದಿನ ಬೆಂಚಿನ ಒಬ್ಬಳು ಮೂಗರಳಿಸಿದಳು. ಬುಟ್ಟಿಯಲ್ಲಿದ್ದ ಒಂದರ ಬೆನ್ನಿನಿಂದ ಯಾರೋ ಚೂರು ಕಿತ್ತರು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಹೆಡ್‌ಮಿಸ್ಸೇ ಒಂದು ಹಿಂಗಾಲಿನ ಕಡೆಯಿಂದ ಶುರುಮಾಡಿದರು.

“ಸರ್, ಏನ್ ರುಚಿ ಇದು! ಮುಂದಿನ ಸೋಮವಾರನೂ ತರ್ಬೇಕು ನೀವು,” ಎಂದು ಅವರು ಹೇಳುತ್ತಿರುವಾಗಲೇ ಬಾಗಿಲು ಧಡಾರ್ ಎಂದಿತು. ಮೂಲೆಯಲ್ಲಿ ಕೂತಿದ್ದ ಪುಟ್ಟ ಮಗುವೊಂದು ಬೆಚ್ಚಿ ಕೈಯಲ್ಲಿದ್ದ ಬ್ರೆಡ್ ಬೀಳಿಸಿತು.

ಮಗಳು ಸುತ್ತ ನೋಡಿದಳು. ಆ ಕೋಣೆಯಲ್ಲಿ ಸಾಕಷ್ಟು ತೂಕವಿದ್ದ ವಸ್ತು ಒಂದೇ ಒಂದಿತ್ತು.

“ಅಪ್ಪಾ,” ಎಂದಳು ಬಾಯ್ತುಂಬ ಆಮೆ ಇಟ್ಟುಕೊಂಡು, “ನಾವು ತಿಂದು ಮುಗಿಸೋವರೆಗೂ ಬಾಗಿಲ ಹತ್ರ ನೀನೇ ನಿಂತ್ಕೋ.”

ಅಂಗಡಿ ಬೀದಿಯನ್ನೆಲ್ಲ ನಡುಗಿಸುವ ತಕ್ಕಡಿ ಸಾಹೇಬರು ಕೋಟಿನ ಗುಂಡಿ ಹಾಕಿಕೊಂಡರು, ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕಾಲನ್ನು ಭದ್ರವಾಗಿ ಊರಿ ನಿಂತರು. ಗಾಳಿ ಜೋರಾಗಿ ಬೀಸಿತು. ಬಾಗಿಲು ಒಂಚೂರೂ ಅಲುಗಲಿಲ್ಲ.