ಊಲ್‌ಕಾಟ್ ಗೋಪುರದ ಹುಂಜ

ಸೋಮವಾರ ಬೆಳಿಗ್ಗೆ ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಆಂಬ್ರೋಸ್ ಪ್ರೀಸ್ ಒಂದು ಮಾತು ಆಡಿಬಿಟ್ಟ. ಆಡಬೇಕಾಗಿರಲಿಲ್ಲ. ಆದರೆ ಅವನ ಮುಂದೆ ನಿಂತಿದ್ದವರು ಮಿಸ್ ವಿನಿಫ್ರೆಡ್ ಬೇಯ್ಲಿಸ್. ಎರಡು ವರ್ಷದ ಹಿಂದೆ ಬ್ರೆನ್‌ಫರ್ಡ್ ಶಾಲೆಗೆ ಟೀಚರಾಗಿ ಬಂದವರು, ಈಗ ಊರಿನ ಇತಿಹಾಸ ಸಂಘಕ್ಕೆ ಕಾರ್ಯದರ್ಶಿ. ಅವರು ತಿರುಗಿ, "ನಿಮ್ಮ ಮನೆತನ ಈ ಊರಲ್ಲಿ ಎಷ್ಟು ಕಾಲದಿಂದ ಇದೆ, ಪ್ರೀಸ್ ಅವರೇ?" ಎಂದು ಕೇಳಿದರು. ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷ ತಾನೇ ಆಲೂಗಡ್ಡೆ ಬೇಯಿಸಿಕೊಂಡು ತಿಂದಿರುವ ಐವತ್ತೇಳರ ಗಂಡಸು ಅಂಥ ಹೊತ್ತಿನಲ್ಲಿ ಏನು ಹೇಳುತ್ತಾನೋ ಇವನೂ ಅದನ್ನೇ ಹೇಳಿದ.

"ಮುನ್ನೂರು ವರ್ಷ. ನಮ್ಮನೆ ಕತೆ ಹೇಳೋಕೆ ಕೂತರೆ ನಿಮ್ಮ ನೋಟ್‌ಬುಕ್ ಸಾಲಲ್ಲ."

"ಹೌದಾ," ಎಂದು ಮಿಸ್ ಬೇಯ್ಲಿಸ್ ನಕ್ಕರು. ಬ್ರೆಡ್ಡಿನ ಜೊತೆ ಆಂಬ್ರೋಸ್ ಆ ನಗುವನ್ನೂ ಮನೆಗೆ ತಂದ. ಬ್ರೆಡ್ ಬುಧವಾರಕ್ಕೆ ಗಟ್ಟಿಯಾಯಿತು, ನಗು ಮಾತ್ರ ಶುಕ್ರವಾರದವರೆಗೂ ಬಿಸಿಯಾಗಿಯೇ ಇತ್ತು.

ಶನಿವಾರ ಒಂಬತ್ತು ಗಂಟೆಗೆ ಅವರ ಸೈಕಲ್ ಇವನ ಗೇಟಿನ ಮುಂದೆ ನಿಂತಿತು.

"ಇವತ್ತು ಹಳೇ ಸೇತುವೆಗಳ ಬಗ್ಗೆ ಮಾತಾಡೋಕೆ ಹೆರಿಫರ್ಡಿನಿಂದ ಬರಬೇಕಿದ್ದವರು ನಾಯಿಯನ್ನ ಎತ್ತೋಕೆ ಹೋಗಿ ಸೊಂಟ ಹಿಡಿಸಿಕೊಂಡಿದ್ದಾರೆ. ಮೂರು ಗಂಟೆಗೆ ಸಭೆ. ನೀವು ಮಾತಾಡಬೇಕು. 'ಪ್ರೀಸ್ ಮನೆತನದ ನೆನಪುಗಳು' ಅಂತ ಬೋರ್ಡ್ ಬರೆದಾಯ್ತು."

ಆಂಬ್ರೋಸ್ "ಆಗಲಿ" ಅಂದ. ಸೈಕಲ್ ತಿರುವಿನಲ್ಲಿ ಮರೆಯಾದ ಮೇಲೆ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ.

ಮುನ್ನೂರು ವರ್ಷ ಎಂದದ್ದೇನೋ ನಿಜ. ಆದರೆ ಆ ಮುನ್ನೂರು ವರ್ಷದಲ್ಲಿ ಪ್ರೀಸ್ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವನ ಅಪ್ಪ ಸೇಬಿನ ಹೆಂಡ ಸೈಡರ್ ತೆಗೆಯುವ ಗಾಣದಲ್ಲಿ ನಲವತ್ತು ವರ್ಷ ಸೇಬು ಅರೆದವನು. ಮನೆಯಲ್ಲಿ ಅವನು ಆಡುತ್ತಿದ್ದದ್ದು ಎರಡೇ ಮಾತು. ಬೆಳಿಗ್ಗೆ "ಮಳೆ ಬರುತ್ತೆ", ಸಂಜೆ "ಬಂತು". ಅಜ್ಜ ಎಲಿಯಸ್ ಇವನಿಗೆ ನೆನಪಿರುವುದು ಒಂದು ಜೊತೆ ಬೂಟುಗಳಾಗಿ ಮಾತ್ರ.

ಮನೆತನದ ಹಳೆಯ ಬೈಬಲ್ ತೆಗೆದ. ಮೊದಲ ಪುಟದಲ್ಲಿ ಹುಟ್ಟಿದವರ ಹೆಸರು, ಸತ್ತವರ ಹೆಸರು, ಕೊನೆಗೆ ಕೆಮ್ಮುವ ಕುದುರೆಗೆ ಔಷಧಿ ಮಾಡುವ ವಿಧಾನ. ಚರ್ಚಿನ ಸ್ಮಶಾನಕ್ಕೆ ಹೋಗಿ ಅಜ್ಜನ ಕಲ್ಲಿನ ಮೇಲಿನ ಪಾಚಿಯನ್ನು ಚಾಕುವಿನಿಂದ ಕೆರೆಯುತ್ತ ಮಂಡಿಯೂರಿದ್ದಾಗ, ಪಕ್ಕದ ಮನೆಯ ಟಿಲ್ಲಿ ಹಾಜಸ್ ಬುಟ್ಟಿ ಹಿಡಿದುಕೊಂಡು ಆ ದಾರಿಯಲ್ಲಿ ಬಂದಳು. ಊರಲ್ಲಿ ಯಾರ ಮನೆಯ ಕೆಟಲ್ ಯಾವಾಗ ಕುದಿಯುತ್ತದೆ ಎಂಬುದು ಟಿಲ್ಲಿಗೆ ಗೊತ್ತಿತ್ತು.

"ಏನು ಹುಡುಕ್ತಿದೀಯ ಆಂಬ್ರೋಸ್?"

"ನಮ್ಮಜ್ಜನ್ನ."

"ಅಲ್ಲೇ ಇದಾನಲ್ಲ. ಇನ್ನೆಲ್ಲಿಗೆ ಹೋಗ್ತಾನೆ?"

ಅವನು ಸಂಕಟ ತೋಡಿಕೊಂಡ. ಟಿಲ್ಲಿ ಮರುಗಿದಳು. "ನೀನೇನೂ ಯೋಚನೆ ಮಾಡಬೇಡ. ಕತೆ ನೀನು ಹುಡುಕು, ಜನ ನಾನು ಸೇರಿಸ್ತೀನಿ," ಎಂದು, ಅವನು ಬೇಡ ಅನ್ನುವಷ್ಟರಲ್ಲಿ ಹೋಗಿಯೇ ಬಿಟ್ಟಳು.

ಇನ್ನು ಉಳಿದಿದ್ದವನು ಜೆಥ್ರೊ ಗಾಫ್ ಒಬ್ಬನೇ. ಎಂಬತ್ತಾರು ವರ್ಷ, ಹಲ್ಲು ಎರಡು, ಕತೆ ಇನ್ನೂರು. ಆಂಬ್ರೋಸ್ ಒಂದು ಜಾಡಿ ಸೈಡರ್ ತೆಗೆದುಕೊಂಡು ಅವನ ಒಲೆಯ ಮುಂದೆ ಕೂತ.

"ಏನಾದ್ರೂ ಹಳೇದು ಹೇಳು ತಾತ. ನಗು ಬರೋವಂಥದ್ದು."

ಜೆಥ್ರೊ ಅರ್ಧ ಜಾಡಿ ಇಳಿಸಿ, ಇವನ ಮುಖವನ್ನು ಒಂದು ಗಳಿಗೆ ನೋಡಿ, "ನಮ್ಮ ಚಿಕ್ಕಪ್ಪ ನೋವಾನ ಕತೆ ಹೇಳ್ತೀನಿ ಕೇಳು," ಎಂದು ಶುರು ಮಾಡಿದ.

ಎಂಬತ್ತು ವರ್ಷದ ಹಿಂದೆ, ರಾಣಿ ಪಟ್ಟಕ್ಕೇರಿ ಐವತ್ತು ವರ್ಷ ತುಂಬಿದ ಹಬ್ಬ. ಹೊಳೆಯಾಚೆಯ ಊಲ್‌ಕಾಟಿನವರು ತಮ್ಮ ಚರ್ಚಿನ ಗೋಪುರದ ತುದಿಗೆ, ಗಾಳಿಯ ದಿಕ್ಕು ತೋರಿಸುವ ಹೊಸ ಹುಂಜ ಮಾಡಿಸಿ ಚಿನ್ನದ ನೀರು ಹಾಕಿಸಿದ್ದರು. ಬ್ರೆನ್‌ಫರ್ಡಿನವರಿಗೆ ಅದನ್ನು ನೋಡಿ ನೋಡಿ ಹೊಟ್ಟೆ ಉರಿದಿತ್ತು. ಹಬ್ಬದ ಮಧ್ಯಾಹ್ನ ಊಲ್‌ಕಾಟಿನ ಜನವೆಲ್ಲ ಮೈದಾನದಲ್ಲಿ ಹಬ್ಬದೂಟಕ್ಕೆ ಇಡೀ ಎತ್ತು ಸುಡುತ್ತಿದ್ದಾಗ ನೋವಾ ಗೋಪುರ ಹತ್ತಿ ಹುಂಜ ಕಿತ್ತು ಕೋಟಿನೊಳಗೆ ಇಟ್ಟುಕೊಂಡು ಇಳಿದ. ಚರ್ಚಿನ ಪಾರುಪತ್ಯಗಾರ ಸೈಲಸ್ ಪೆಂಬರ್ ನೋಡಿ ಅಟ್ಟಿಸಿಕೊಂಡು ಬಂದ. ಪೆಂಬರನನ್ನು ಯಾರದೋ ಗಂಡು ಬಾತು ಅಟ್ಟಿಸಿಕೊಂಡು ಬಂತು. ಬಾತಿಗೆ ಹೆದರಿ ಪೆಂಬರ್ ಖಾಲಿ ಸೈಡರ್ ಪೀಪಾಯಿಗೆ ಹಾರಿ ಅದರಲ್ಲೇ ಸಿಕ್ಕಿಕೊಂಡ. ಪೀಪಾಯಿಯ ಕಬ್ಬಿಣದ ಪಟ್ಟಿ ಒಡೆದು ಅವನನ್ನು ಹೊರಗೆಳೆದರು. ಪ್ಯಾಂಟು ಮಾತ್ರ ಒಳಗೇ ಉಳಿಯಿತು.

"ಹುಂಜ ಏನಾಯ್ತು?"

"ಹೊಳೆಗೆ ಬಿತ್ತು ಅಂತಾರೆ. ಊಲ್‌ಕಾಟ್ ಗೋಪುರದ ಮೇಲೆ ಇವತ್ತಿಗೂ ಬರೀ ಕಂಬಿ."

ಆಂಬ್ರೋಸ್ ಬಾಗಿಲಲ್ಲಿ ನಿಂತು ಕೇಳಿದ, "ಸಭೆಗೆ ಬರ್ತೀಯಾ ತಾತ?"

"ಈ ಮಂಡಿ ಇಟ್ಕೊಂಡಾ? ಹೋಗಪ್ಪ."

ಆಂಬ್ರೋಸನ ಎದೆ ಹಗುರಾಯಿತು. ಚಿಕ್ಕಪ್ಪ ನೋವಾ ಇದ್ದಲ್ಲಿ ಅಜ್ಜ ಎಲಿಯಸ್ ಎಂದು ಸೇರಿಸಿದರೆ ಮುಗಿಯಿತು. ಸತ್ತ ನೋವಾ ಬಂದು ಕೇಳುವುದಿಲ್ಲ, ಸತ್ತ ಎಲಿಯಸ್ ಬಂದು ಅಲ್ಲಗಳೆಯುವುದಿಲ್ಲ. ದಾರಿಯುದ್ದಕ್ಕೂ ಹಸುಗಳಿಗೆ ಭಾಷಣ ಒಪ್ಪಿಸಿದ. ಹಸುಗಳು ಮೆಲುಕು ಹಾಕುತ್ತ ಗಂಭೀರವಾಗಿ ಕೇಳಿಸಿಕೊಂಡವು.

ಮೂರು ಗಂಟೆಗೆ ಸಭಾಭವನದ ಬಾಗಿಲು ತೆಗೆದವನ ಕಾಲು ಹೊಸ್ತಿಲಲ್ಲೇ ನೆಟ್ಟುಹೋಯಿತು. ಸೇತುವೆಯ ಭಾಷಣಕ್ಕಾದರೆ ಹನ್ನೊಂದು ಜನ ಬರುತ್ತಿದ್ದರು. ಇವತ್ತು ಕಿಟಕಿಯ ಮೇಲೂ ಜನ. ಟಿಲ್ಲಿ ಅಷ್ಟು ದುಡಿದಿದ್ದಳು. ಮುಂದಿನ ಸಾಲಿನಲ್ಲಿ, ದಿಂಬಿನ ಮೇಲೆ, ಮಂಡಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದವನು ಜೆಥ್ರೊ.

"ಕೋಳಿ ಆಹಾರ ಸಾಗಿಸೋ ವ್ಯಾನಲ್ಲಿ ಮಲಗಿಸ್ಕೊಂಡು ಬಂದೆ," ಎಂದು ಟಿಲ್ಲಿ ಹೆಮ್ಮೆಯಿಂದ ಪಿಸುಗುಟ್ಟಿದಳು. "ನಿನಗೆ ಧೈರ್ಯ ಇರಲಿ ಅಂತ."

ಆಂಬ್ರೋಸ್ ಹೇಗೋ ವೇದಿಕೆ ಹತ್ತಿದ. ಬೇರೆ ಕತೆ ಹೇಳೋಣ ಎಂದರೆ ಬೇರೆ ಕತೆ ಇಲ್ಲ. ಮಿಸ್ ಬೇಯ್ಲಿಸ್ ಮೇಜಿನ ಪಕ್ಕ ನೋಟ್‌ಬುಕ್ ತೆರೆದು, ಪೆನ್ನು ಹಿಡಿದು, ಇವನನ್ನೇ ನೋಡಿ ನಕ್ಕರು. ಆ ನಗುವೇ ಅವನನ್ನು ಬಾವಿಗೆ ತಳ್ಳಿತು.

"ನಮ್ಮಜ್ಜ ಎಲಿಯಸ್ ಪ್ರೀಸ್," ಎಂದು ಶುರು ಮಾಡಿದ.

ಮೊದಲೆರಡು ನಿಮಿಷ ಕುಂಟಿದ. ಗೋಪುರ ಹತ್ತುವ ಹೊತ್ತಿಗೆ ಜನ ಮುಂದಕ್ಕೆ ಬಗ್ಗಿದರು. ಬಾತು ಬಂದಾಗ ಒಬ್ಬ ಹೆಂಗಸು ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಆಂಬ್ರೋಸನಿಗೆ ಅಮಲು ಏರಿತು. ಜೆಥ್ರೊ ಹೇಳದಿದ್ದದ್ದನ್ನೂ ಸೇರಿಸಿದ. ಪೆಂಬರನ ಹೊಟ್ಟೆಯನ್ನು ಮೂರು ಸುತ್ತು ದಪ್ಪ ಮಾಡಿದ, ಬಾತಿಗೆ ಎರಡು ಸಲ ಕಚ್ಚಲು ಅವಕಾಶ ಮಾಡಿಕೊಟ್ಟ. ಪೀಪಾಯಿ ಒಡೆದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಜೆಥ್ರೊ ಮಾತ್ರ ಕಣ್ಣು ಮುಚ್ಚಿಕೊಂಡಿದ್ದ. ಅವನಿಗೆ ನಿದ್ದೆ ಬಂದಿದೆ, ಸದ್ಯ ನಾನು ಬದುಕಿದೆ ಎಂದುಕೊಂಡ ಆಂಬ್ರೋಸ್.

ಆಗ ಮಿಸ್ ಬೇಯ್ಲಿಸ್ ಪೆನ್ನು ಕೆಳಗಿಟ್ಟರು.

"ಪ್ರೀಸ್ ಅವರೇ, ಆ ಪಾರುಪತ್ಯಗಾರರ ಹೆಸರು ಇನ್ನೊಂದು ಸಲ ಹೇಳ್ತೀರಾ?"

"ಸೈಲಸ್ ಪೆಂಬರ್."

"ಸೈಲಸ್ ಪೆಂಬರ್ ನಮ್ಮ ತಾಯಿಯ ತಂದೆ. ನಾನು ಊಲ್‌ಕಾಟಿನವಳು."

ಸಭೆಯ ನಗು ತಣ್ಣೀರು ಬಿದ್ದ ಕೆಂಡದ ಹಾಗೆ ಚುಯ್ ಎಂದು ಆರಿತು. ಎರಡು ವರ್ಷದಲ್ಲಿ ಒಂದು ಸಲವೂ ತಾನು ಅವರನ್ನು ಯಾವ ಊರಿನವರು ಎಂದು ಕೇಳಿರಲಿಲ್ಲವಲ್ಲ ಎಂಬುದು ಆಂಬ್ರೋಸನಿಗೆ ಆಗ ಹೊಳೆಯಿತು. ಅವರ ಅಜ್ಜನ ಪ್ಯಾಂಟು ಕಳಚಿಸಿದವನ ಮೊಮ್ಮಗನಾಗಿ ಅವರ ಮುಂದೆ ನಿಲ್ಲುವುದು ಅವನಿಂದ ಆಗಲಿಲ್ಲ.

"ಮಿಸ್ ಬೇಯ್ಲಿಸ್, ನಿಜ ಹೇಳಿಬಿಡ್ತೀನಿ. ಕದ್ದವನು ನಮ್ಮಜ್ಜ ಅಲ್ಲ. ನಮ್ಮಜ್ಜ ಪಾಪದವನು. ಬೂಟು ಹಾಕ್ಕೊಂಡು ಸುಮ್ಮನೆ ಕೂತಿರ್ತಿದ್ದ. ಇದು ಜೆಥ್ರೊ ತಾತನ ಚಿಕ್ಕಪ್ಪನ ಕತೆ. ಬೆಳಿಗ್ಗೆ ಕೇಳ್ಕೊಂಡು ಬಂದೆ, ಹೆಸರು ಬದಲಾಯಿಸಿದೆ. ನನಗೆ ಗೊತ್ತಿರೋ ಕತೆ ಒಂದೂ ಇಲ್ಲ."

ಎಲ್ಲರ ತಲೆಯೂ ಜೆಥ್ರೊನ ಕಡೆ ತಿರುಗಿತು. ಮುದುಕ ಕಣ್ಣು ಬಿಟ್ಟ.

"ಲೋ ಆಂಬ್ರೋಸ್, ನಮ್ಮಪ್ಪನಿಗೆ ತಮ್ಮಂದಿರೇ ಇರಲಿಲ್ಲ ಕಣೋ."

"ಮತ್ತೆ ನೋವಾ?"

"ನೋವಾ ಯಾರೂ ಇಲ್ಲ. ಕದ್ದವನು ನಿಮ್ಮಜ್ಜ ಎಲಿಯಸ್ಸೇ. ಗಾಣದಲ್ಲಿ ನಿಮ್ಮಪ್ಪನೇ ನನಗೆ ಹೇಳಿದ್ದು, ಒಂದು ಸಲ ಅಲ್ಲ, ನಲವತ್ತು ಸಲ. ನೀನು ಜಾಡಿ ಹಿಡ್ಕೊಂಡು ಬಂದು ಎದುರಿಗೆ ಕೂತಿದೀಯ, ನಿಮ್ಮಜ್ಜ ಕಳ್ಳ ಅಂತ ಮುಖಕ್ಕೆ ಹೇಗೆ ಹೇಳಲಿ? ಮರ್ಯಾದೆಗೆ ಹೆಸರು ಬದಲಾಯಿಸಿದೆ. ನೀನು ಸರಿಯಾಗೇ ವಾಪಸ್ ಹಾಕಿದೆಯಲ್ಲ, ಎಷ್ಟು ಜಾಣ ಅಂತ ಕೇಳ್ತಾ ಕೂತಿದ್ದೆ."

"ನಮ್ಮಪ್ಪ ಮಾತಾಡ್ತಿದ್ನಾ?"

"ಬಾಯಿ ಮುಚ್ತಿರಲಿಲ್ಲ. ಮನೇಲಿ ನಿಮ್ಮಮ್ಮ ಬಿಡ್ತಿರಲಿಲ್ಲ, ಅಷ್ಟೆ."

ಐದು ನಿಮಿಷದ ಹಿಂದೆ ಬರೀ ಕಳ್ಳನ ಮೊಮ್ಮಗನಾಗಿದ್ದ ಆಂಬ್ರೋಸ್, ತಪ್ಪೊಪ್ಪಿಕೊಂಡು ಸುಳ್ಳುಗಾರನಾಗಿದ್ದ. ಈಗ ಎರಡೂ ಆಗಿ ವೇದಿಕೆಯ ಮೇಲೆ ನಿಂತಿದ್ದ. ಸಭೆಗೆ ಮತ್ತೆ ನಗು ಹತ್ತಿಕೊಂಡಿತು, ಈ ಸಲ ಬಾತು ಬಂದಾಗಿನದಕ್ಕಿಂತ ಜೋರಾಗಿ. ಟಿಲ್ಲಿ ಕಣ್ಣೊರೆಸಿಕೊಳ್ಳುತ್ತ ಚಹಾ ಹಂಚಲು ಎದ್ದಳು.

ಕುರ್ಚಿ ಮಡಿಸುವ ಗದ್ದಲದಲ್ಲಿ ಆಂಬ್ರೋಸ್ ಮಿಸ್ ಬೇಯ್ಲಿಸ್ ಹತ್ತಿರ ಹೋಗಿ, ಟೋಪಿ ತಿರುಚುತ್ತ, "ನಿಮ್ಮಜ್ಜನ ವಿಷಯದಲ್ಲಿ ಕ್ಷಮಿಸಬೇಕು," ಎಂದ.

"ಯಾಕೆ? ನಮ್ಮನೇಲಿ ಎಂಬತ್ತು ವರ್ಷದಿಂದ ಕ್ರಿಸ್ಮಸ್ ಊಟಕ್ಕೆ ಕೂತಾಗೆಲ್ಲ ಆ ಪೀಪಾಯಿ ಕತೆ ಹೇಳಿ ನಗ್ತೀವಿ. ಕದ್ದವನ ಹೆಸರು ಮಾತ್ರ ಗೊತ್ತಿರಲಿಲ್ಲ. ಅವನ ಮೊಮ್ಮಗ ಸಿಕ್ಕಿದ ಅಂತ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ನಾಳೆ ಊಲ್‌ಕಾಟಿಗೆ ಚಹಾಕ್ಕೆ ಕರ್ಕೊಂಡು ಹೋಗೋಣ, ಅಮ್ಮನಿಗೆ ತೋರಿಸೋಣ ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀವು ಸುಳ್ಳು ಅಂದ್ಬಿಟ್ರಿ."

"ಆದರೆ ಅದು ನಿಜವೇ ಆಯ್ತಲ್ಲ."

"ಕತೆ ನಿಜ ಆಯ್ತು ಪ್ರೀಸ್ ಅವರೇ. ನೀವು ಆಗಲಿಲ್ಲ." ಅವರು ನೋಟ್‌ಬುಕ್ಕಿನ ಪುಟ ತಿರುವಿದರು. "ಸೇತುವೆಯವರ ಸೊಂಟ ಮುಂದಿನ ತಿಂಗಳಿಗೂ ಸರಿಹೋಗಲ್ಲವಂತೆ. ನಿಮ್ಮ ಹೆಸರೇ ಬರೀತೀನಿ. ಈ ಸಲ ನಿಮ್ಮದೇ ನೆನಪು ಹೇಳಬೇಕು, ಯಾರ ಹತ್ರವೂ ಕೇಳ್ಕೊಂಡು ಬರಬಾರದು."

"ನನ್ನ ಹತ್ರ ಒಂದೂ ಇಲ್ಲವಲ್ಲ."

"ಇವತ್ತಿನದು ಇದೆಯಲ್ಲ," ಎಂದು ಮಿಸ್ ಬೇಯ್ಲಿಸ್ ಬರೆದು, ಕೆಳಗೆ ಗೆರೆ ಎಳೆದರು. "ಸಭೆ ಊಲ್‌ಕಾಟಿನಲ್ಲಿ. ಅಮ್ಮನೂ ಬರ್ತಾಳೆ."